ಹ್ಯಾಮ್ ನಿಯಮ ಬರೆಯುವವರಿಗೆ: ಮೊದಲು ಮಾತಾಡೋಕೆ ಬಿಡಿ

ದೂರಸಂಪರ್ಕ ಇಲಾಖೆಯಲ್ಲಿ ಹವ್ಯಾಸಿ ರೇಡಿಯೊ (ಹ್ಯಾಮ್) ನಿಯಮಗಳನ್ನು ನೋಡಿಕೊಳ್ಳುವವರಿಗೆ,
ಸಂಚಾರ ಭವನ, ನವದೆಹಲಿ

ಮಾನ್ಯರೇ,

ಹೋದ ಮಳೆಗಾಲದಲ್ಲಿ ನಮ್ಮ ಕಡೆ ಮೂರು ದಿನ ಕರೆಂಟ್ ಇರಲಿಲ್ಲ. ನಮ್ಮ ಮನೆ ಇರುವುದು ಸಾಗರದಿಂದ ಒಳಗೆ, ಶರಾವತಿ ಹಿನ್ನೀರಿನ ಕಡೆ. ಮಳೆ ಹಿಡಿದರೆ ಮರ ಬೀಳುತ್ತದೆ. ಮರ ಬಿದ್ದರೆ ಲೈನ್ ಹರಿಯುತ್ತದೆ. ಮಾರನೇ ದಿನದ ಹೊತ್ತಿಗೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಇದು ಇಲ್ಲಿ ವರ್ಷವರ್ಷದ ಕಥೆ, ಯಾರನ್ನೂ ಬೈಯೋಕೆ ಹೇಳುತ್ತಿಲ್ಲ. ಎರಡನೇ ದಿನ ಮಧ್ಯಾಹ್ನ ನಾನು ಕಾರಿನ ಬ್ಯಾಟರಿ ಬಿಚ್ಚಿ ತಂದು, ಜಗಲಿಯಲ್ಲಿದ್ದ ರೇಡಿಯೊಗೆ ಜೋಡಿಸಿ ಕೂತೆ.

ನನ್ನ ಆಂಟೆನಾ ದೊಡ್ಡ ವಸ್ತುವೇನಲ್ಲ. ಎರಡು ಅಡಿಕೆ ಮರದ ನಡುವೆ ಕಟ್ಟಿದ 20 ಮೀಟರ್ ತಾಮ್ರದ ತಂತಿ. ಮಧ್ಯದಲ್ಲಿ ಕತ್ತರಿಸಿ ಅಲ್ಲಿಂದ ಕೇಬಲ್ ಇಳಿಸಿದ್ದೇನೆ. ತಂತಿ ತೀರಾ ಎತ್ತರದಲ್ಲಿಲ್ಲ, ಅದೇ ಒಳ್ಳೆಯದು. 7 ಮೆಗಾಹರ್ಟ್ಸ್‌ನ ಅಲೆ ಹೆಚ್ಚುಕಡಿಮೆ ನೆಟ್ಟಗೆ ಮೇಲೆ ಹೋಗಿ, ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ಬಡಿದು, ಕೊಡೆ ಬಿಚ್ಚಿದ ಹಾಗೆ ಸುತ್ತಲೂ ಇಳಿಯುತ್ತದೆ. ಗುಡ್ಡ ಬೆಟ್ಟ ಅಡ್ಡ ಬರುವುದಿಲ್ಲ. ಹುಬ್ಬಳ್ಳಿಯ ಗೆಳೆಯರೊಬ್ಬರು ಎರಡನೇ ಕರೆಗೇ ಸಿಕ್ಕರು. ನಾವು ಚೆನ್ನಾಗಿದ್ದೇವೆ ಅಂತ ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡಿ ತಿಳಿಸುತ್ತೇನೆ ಅಂದರು.

ಪಕ್ಕದ ಮನೆಯ ಹುಡುಗ ಇದನ್ನೆಲ್ಲ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದ. ಆರನೇ ಕ್ಲಾಸು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದ: "ಮಾವ, ನಾನೂ ಒಂದ್ಸಲ ಮಾತಾಡ್ಲಾ?"

"ಬೇಡ ಮಾಣಿ, ನಿಂಗೆ ಲೈಸೆನ್ಸ್ ಇಲ್ಲ."

"ನಿಂಗೆ ಇದ್ಯಲ್ಲ?"

ಈ ಪತ್ರ ಬರೆಯುವುದಕ್ಕೆ ಆ ಪ್ರಶ್ನೆಯೇ ಕಾರಣ. ನನಗೆ ಲೈಸೆನ್ಸ್ ಇದೆ, ನಾನು ಪಕ್ಕದಲ್ಲೇ ಕೂತಿದ್ದೇನೆ, ನನ್ನ ಕಾಲ್ ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ಹೇಳಿಯೇ ಶುರು ಮಾಡುತ್ತೇನೆ, ಸ್ವಿಚ್ ನನ್ನ ಕೈಯಲ್ಲೇ ಇರುತ್ತದೆ. ಆದರೂ ಆ ಹುಡುಗ ಮೈಕಿನಲ್ಲಿ "ನಮಸ್ಕಾರ, ನಮ್ಮಲ್ಲಿ ತುಂಬಾ ಮಳೆ" ಅನ್ನುವಂತಿಲ್ಲ.

ಈಗ ಯಾಕೆ ಇದನ್ನು ಎತ್ತುತ್ತಿದ್ದೇನೆ ಅಂದರೆ, ಹೊತ್ತು ಸರಿಯಾಗಿದೆ. ನಾವೆಲ್ಲ ಪರೀಕ್ಷೆಗೆ ಓದಿಕೊಂಡು ಬಂದದ್ದು 1978ರ ಹವ್ಯಾಸಿ ಸೇವಾ ನಿಯಮಗಳನ್ನು. ಆ ನಿಯಮಗಳು ನಿಂತಿದ್ದ ನೆಲ 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ. ಅವೆರಡರ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂತು. 2024ರ ಜೂನ್‌ನಿಂದ ಅದರ ಕಲಮುಗಳು ಕಂತಿನಲ್ಲಿ ಜಾರಿಗೆ ಬರತೊಡಗಿದವು. ಅದರಡಿಯ ನಿಯಮಗಳೂ ಒಂದೊಂದಾಗಿ ಹೊಸದಾಗಿ ಬರೆಯಲ್ಪಡುತ್ತಿವೆ. ಮೊಬೈಲ್ ಕಂಪನಿಗಳ ದೊಡ್ಡ ಕಡತಗಳ ನಡುವೆ ನಮ್ಮದು ಸಣ್ಣದು. ಹಳೆಯದನ್ನೇ ತೆಗೆದು ಹೊಸ ರಟ್ಟು ಹಾಕಿ ಮುಗಿಸುವುದು ಸುಲಭ. ಹಾಗೆ ಮಾಡಬೇಡಿ ಅಂತ ಕೇಳೋಕೆ ಬಂದಿದ್ದೇನೆ.

ಹೊರಗಿನವರೂ ಇದನ್ನು ಓದಬಹುದು, ಹಾಗಾಗಿ ಎರಡು ಮಾತು. ನಮ್ಮಲ್ಲಿ ಈಗ ಎರಡು ದರ್ಜೆ. ರಿಸ್ಟ್ರಿಕ್ಟೆಡ್ ಮತ್ತು ಜನರಲ್. ಮೊದಲನೆಯವರ ಕಾಲ್ ಸೈನ್ ವಿಯು3 ಅಂತ ಶುರುವಾಗುತ್ತದೆ, ಎರಡನೆಯವರದ್ದು ವಿಯು2. ಮೊದಲನೆಯವರಿಗೆ ಶಾರ್ಟ್‌ವೇವ್‌ನಲ್ಲಿ 50 ವಾಟ್, ಎರಡನೆಯವರಿಗೆ ಹೆಚ್ಚೆಂದರೆ 400. ಎರಡಕ್ಕೂ ರೇಡಿಯೊ ಸಿದ್ಧಾಂತ ಮತ್ತು ನಿಯಮಗಳ ಪರೀಕ್ಷೆ ಇದೆ. ಜನರಲ್‌ಗೆ ಅದರ ಮೇಲೆ ಮೋರ್ಸ್, ಅಂದರೆ ಅಕ್ಷರಗಳನ್ನು ಗಿಡ್ಡ-ಉದ್ದ ಸದ್ದುಗಳಲ್ಲಿ ಕಳಿಸುವ ಸಂಕೇತ. ಲೈಸೆನ್ಸ್ ಫೀಸು 20 ವರ್ಷಕ್ಕೆ 1000 ರೂಪಾಯಿ, ಜೀವಮಾನಕ್ಕೆ 2000. ಫೀಸಿನ ಬಗ್ಗೆ ನನ್ನ ತಕರಾರಿಲ್ಲ. ಇಷ್ಟು ಕಡಿಮೆಗೆ ಸರ್ಕಾರ ಇನ್ನೇನು ಕೊಡುತ್ತದೆ ಹೇಳಿ!

ಮೋರ್ಸ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು.

ನಾನು ಮೋರ್ಸ್ ಮನುಷ್ಯ. ಬೆಳಿಗ್ಗೆ ಕಾಫಿ ಆಗುವ ಮೊದಲು ಅರ್ಧ ಗಂಟೆ ಕೀ ಕುಟ್ಟದಿದ್ದರೆ ನನಗೆ ದಿನ ಶುರುವಾದ ಹಾಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಇದಕ್ಕೆ ಮರಕುಟಿಗನ ಕೆಲಸ ಅಂತ ಹೆಸರು. ಮಾತಿಗೆ ಸುಮಾರು 2,500 ಹರ್ಟ್ಸ್ ಜಾಗ ಬೇಕು, ಮೋರ್ಸ್‌ಗೆ 150 ಹರ್ಟ್ಸ್ ಸಾಕು. ಇದ್ದ ಶಕ್ತಿಯೆಲ್ಲ ಸಣ್ಣ ಸಂದಿಯಲ್ಲಿ ಹೋಗುವುದರಿಂದ 5 ವಾಟ್‌ನಲ್ಲೂ ಸಮುದ್ರ ದಾಟಬಹುದು. ಗಲಾಟೆಯಲ್ಲಿ ಮಾತು ಮುಳುಗಿಹೋದ ಮೇಲೂ ಡಿಟ್ ಡಾ ಕೇಳುತ್ತದೆ. ಹಾಗಾಗಿ ಮೋರ್ಸ್ ಗೊತ್ತಿಲ್ಲದವನು ಅದನ್ನು ತೆಗೆಯಿರಿ ಅನ್ನುತ್ತಿದ್ದಾನೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ನನ್ನ ಪರೀಕ್ಷೆಯ ಕಥೆ ಹೇಳಿಬಿಡುತ್ತೇನೆ. ನಿಮಿಷಕ್ಕೆ 8 ಪದ, ಪದಕ್ಕೆ 5 ಅಕ್ಷರ. ಅಂದರೆ ಒಂದೂವರೆ ಸೆಕೆಂಡಿಗೆ ಒಂದು ಅಕ್ಷರ. ಕಾಗದದ ಮೇಲೆ ನಿಧಾನ ಅನ್ನಿಸುತ್ತದೆ. ಸಾಗರದಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ನಿದ್ದೆಗಣ್ಣಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಾಗ ಹಾಗಿರುವುದಿಲ್ಲ. ಮೊದಲ ಸಾಲು ಚೆನ್ನಾಗಿ ಹೋಯಿತು. ಎರಡನೇ ಸಾಲಿನಲ್ಲಿ ಒಂದು ಅಕ್ಷರ ತಪ್ಪಿತು. ಅದು ಯಾವುದಿರಬಹುದು ಅಂತ ಯೋಚಿಸಿದೆ. ಅಷ್ಟರಲ್ಲಿ ಮುಂದಿನ ಆರು ಹೋಗಿದ್ದವು. ಆ ಸಲ ಫೇಲು, ತಪ್ಪು ನನ್ನದೇ. ಆಮೇಲೆ ಹಿರಿಯರೊಬ್ಬರು ಒಂದೇ ಮಾತಿನಲ್ಲಿ ದಾರಿ ತೋರಿಸಿದರು: "ತಪ್ಪಿದ್ದಕ್ಕೆ ಒಂದು ಗೆರೆ ಎಳೆದು ಬಿಡಪ್ಪ, ಹೋದ ಬಸ್ಸಿಗೆ ಕೈ ಒಡ್ಡಬೇಡ." ಮುಂದಿನ ಸಲ ಪಾಸಾದೆ.

ನನಗೆ ಎರಡು ಕಿವಿ ಸರಿ ಇವೆ. ನನಗಿಂತ ಹತ್ತು ಪಾಲು ಎಲೆಕ್ಟ್ರಾನಿಕ್ಸ್ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಕಿವಿಯಲ್ಲಿ ಸದಾ ಗುಯ್ ಅನ್ನುವ ಸದ್ದು. ಮೋರ್ಸ್‌ನ ಸದ್ದು ಅದರಲ್ಲೇ ಕರಗಿಹೋಗುತ್ತದಂತೆ. ರೇಡಿಯೊವನ್ನು ಪೂರ್ತಿ ಕೈಯಲ್ಲೇ ಕಟ್ಟುತ್ತಾರೆ. ಹೈದರಾಬಾದಿನ ಅಶರ್ ಫರ್ಹಾನ್ ಅವರ ಬಿಟ್‌ಎಕ್ಸ್ ವಿನ್ಯಾಸವನ್ನು ನೋಡಿ, ಹಳೇ ಟಿವಿಯ ಬಿಡಿಭಾಗ ಹಾಕಿ ಮಾಡಿದ್ದಾರೆ. ದನಿ ಗಾಜಿನಷ್ಟು ತಿಳಿ. ಅವರು ಇವತ್ತಿಗೂ ವಿಯು3. ಕಿವಿಯ ತೊಂದರೆಯೊಂದೇ ಅವರನ್ನು ಅಲ್ಲಿ ಹಿಡಿದಿಟ್ಟಿದೆ.

ಮೋರ್ಸ್ ಕಡ್ಡಾಯ ಆಗಿದ್ದಕ್ಕೆ ಹಿಂದೆ ಕಾರಣವಿತ್ತು. ಹಡಗಿನವರು ಆಪತ್ತಿನಲ್ಲಿ ಮೋರ್ಸ್‌ನಲ್ಲಿ ಕೂಗಿದಾಗ, ಅದೇ ಬ್ಯಾಂಡಿನಲ್ಲಿರುವ (ರೇಡಿಯೊ ಅಲೆಗಳ ಅದೇ ಪಾಲಿನಲ್ಲಿರುವ) ಹವ್ಯಾಸಿಗೆ ಅದು ಅರ್ಥವಾಗಿ ಆತ ದಾರಿ ಬಿಡಬೇಕಿತ್ತು. ಹಡಗುಗಳು ಉಪಗ್ರಹಕ್ಕೆ ಹೋಗಿ ಬಹಳ ಕಾಲವಾಯಿತು. 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನ, ಮೋರ್ಸ್ ಕೇಳಬೇಕೋ ಬೇಡವೋ ಅನ್ನುವುದನ್ನು ಆಯಾ ದೇಶಕ್ಕೇ ಬಿಟ್ಟಿತು. ಬ್ರಿಟನ್ ಅದೇ ವರ್ಷ ಕೈಬಿಟ್ಟಿತು. ಅಮೆರಿಕ 2007ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಅಲ್ಲೆಲ್ಲ ಮೋರ್ಸ್ ಸತ್ತುಹೋಯಿತಾ? ಇಲ್ಲ. ನಾನು ದಿನಾ ಬೆಳಿಗ್ಗೆ ಆ ಕಡೆಯವರ ಜೊತೆಗೇ ಕುಟ್ಟುತ್ತಿದ್ದೇನೆ. ಕಡ್ಡಾಯ ಹೋದ ಮೇಲೂ ಪ್ರೀತಿಯಿಂದ ಕಲಿಯುವವರು ಉಳಿದಿದ್ದಾರೆ.

ಜನರಲ್ ದರ್ಜೆಯ ಸಿದ್ಧಾಂತದ ಪ್ರಶ್ನೆಪತ್ರಿಕೆಯನ್ನು ಬೇಕಾದರೆ ಇನ್ನೂ ಗಟ್ಟಿ ಮಾಡಿ. ಆಂಟೆನಾ ಲೆಕ್ಕ ಕೇಳಿ. ಪಕ್ಕದ ಮನೆಯ ಟಿವಿಗೆ ತೊಂದರೆಯಾದರೆ ಏನು ಮಾಡುತ್ತೀಯ ಅಂತ ಕೇಳಿ. ಮೋರ್ಸ್ ಪಾಸಾದವರ ಪ್ರಮಾಣಪತ್ರದಲ್ಲಿ ಒಂದು ಸಾಲು ಸೇರಿಸಿ. ನಾನಂತೂ ಆ ಸಾಲಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ. ಆದರೆ ಅದನ್ನು ಬಾಗಿಲಿನ ಚಿಲಕ ಮಾಡಬೇಡಿ.

ವಾಟ್ ಜಾಸ್ತಿ ಮಾಡಿ ಅಂತ ಕೇಳುವ ಗೆಳೆಯರೂ ಇದ್ದಾರೆ. ಬ್ರಿಟನ್ 2024ರ ಫೆಬ್ರವರಿಯಲ್ಲಿ ಮೂರೂ ದರ್ಜೆಯವರಿಗೆ ಏರಿಸಿತು: 10 ಇದ್ದದ್ದು 25, 50 ಇದ್ದದ್ದು 100, 400 ಇದ್ದದ್ದು 1000. ನನಗೆ ಅದರಲ್ಲಿ ಅಂಥ ಆಸೆಯಿಲ್ಲ. 50ರಿಂದ 400ಕ್ಕೆ ಹೋದರೆ ಎಂಟು ಪಟ್ಟು ಅನ್ನಿಸುತ್ತದೆ. ಆ ಕಡೆಯವರ ಮೀಟರಿನಲ್ಲಿ ಮುಳ್ಳು ಏರುವುದು ಒಂದೂವರೆ ಗೆರೆ ಮಾತ್ರ. ಆಂಟೆನಾವನ್ನು ನಾಲ್ಕು ಮೀಟರ್ ಮೇಲೆ ಕಟ್ಟಿದರೆ ಎಷ್ಟೋ ಸಲ ಅದಕ್ಕಿಂತ ಹೆಚ್ಚು ಲಾಭ. ಹಾಗಾಗಿ ವಾಟ್ ವಿಷಯ ಆಮೇಲೆ ನೋಡೋಣ, ಸರದಿಯಲ್ಲಿ ಕೊನೆಗಿರಲಿ.

ಅದಕ್ಕಿಂತ ಮುಖ್ಯವಾದದ್ದು ನಿಯಮದ ಜೊತೆಗಿರುವ ಪಟ್ಟಿ. ಯಾವ ಬ್ಯಾಂಡಿನಲ್ಲಿ ಯಾವ ಬಗೆಯ ಪ್ರಸಾರ ಮಾಡಬಹುದು ಅಂತ ಅಲ್ಲಿ ಸಂಕೇತಗಳಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ಹಚ್ಚಿಕೊಂಡು ಮಾಡುವ ಹೊಸ ಬಗೆಗಳು ಹುಟ್ಟಿದಾಗಲೆಲ್ಲ, ಇದು ಪಟ್ಟಿಯೊಳಗೆ ಬರುತ್ತಾ ಇಲ್ವಾ ಅಂತ ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಅಮೆರಿಕದವರಿಗೂ ಇಂಥದ್ದೇ ತಲೆನೋವಿತ್ತು. ಶಾರ್ಟ್‌ವೇವ್‌ನಲ್ಲಿ ಡೇಟಾ ಕಳಿಸುವುದಕ್ಕೆ 300 ಬಾಡ್ ಅನ್ನುವ ಹಳೇ ವೇಗಮಿತಿ. 2023ರ ನವೆಂಬರ್‌ನಲ್ಲಿ ಅದನ್ನು ಕಿತ್ತು, ನಿನ್ನ ಸಿಗ್ನಲ್ 2.8 ಕಿಲೋಹರ್ಟ್ಸ್ ಅಗಲ ದಾಟದಿದ್ದರೆ ಸಾಕು ಅಂದರು. ಇದು ಬುದ್ಧಿವಂತಿಕೆ. ರಸ್ತೆಯಲ್ಲಿ ಗಾಡಿ ಎಷ್ಟು ಜಾಗ ಹಿಡಿಯುತ್ತದೆ ಅಂತ ನೋಡಿ, ಒಳಗೆ ಯಾವ ಎಂಜಿನ್ ಇದೆ ಅಂತ ಬಾನೆಟ್ ಎತ್ತಬೇಡಿ.

ಈಗ ಮತ್ತೆ ಆ ಹುಡುಗನ ಪ್ರಶ್ನೆಗೆ.

2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಶಾಲಾ ಮಕ್ಕಳು ಅವರನ್ನು ಪ್ರಶ್ನೆ ಕೇಳಿದರು. ಹ್ಯಾಮ್ ರೇಡಿಯೊ ಮೂಲಕ. ನಿಲ್ದಾಣ ಒಂದು ಜಾಗದ ಮೇಲೆ ಹಾದುಹೋಗುವುದು ಸುಮಾರು 10 ನಿಮಿಷ ಅಷ್ಟೇ. ಅಷ್ಟರಲ್ಲಿ ಕೇಳಬೇಕು, ಉತ್ತರ ಬರಬೇಕು. ದೇಶವೆಲ್ಲ ಖುಷಿಪಟ್ಟಿತು, ಅಲ್ವಾ? ದೊಡ್ಡ ಕಾರ್ಯಕ್ರಮಕ್ಕೆ ಸಿಗುವ ಅವಕಾಶ ಸಾಗರದ ಸರ್ಕಾರಿ ಶಾಲೆಯ ಮಗುವಿಗೆ ಭಾನುವಾರ ಮಧ್ಯಾಹ್ನ ನನ್ನ ಜಗಲಿಯಲ್ಲಿ ಯಾಕೆ ಸಿಗಬಾರದು? ಅಮೆರಿಕದಲ್ಲಿ ಲೈಸೆನ್ಸ್ ಇದ್ದವರು ಪಕ್ಕದಲ್ಲಿ ಕೂತು ನೋಡಿಕೊಳ್ಳುತ್ತಿದ್ದರೆ ಇಲ್ಲದವರೂ ಮಾತಾಡಬಹುದು. ತಪ್ಪಾದರೆ ಹೊಣೆ ಲೈಸೆನ್ಸ್ ಇದ್ದವರದ್ದು. ನಮ್ಮಲ್ಲೂ ಹಾಗೇ ಬರೆಯಿರಿ. ಲಾಗ್ ಪುಸ್ತಕದಲ್ಲಿ ಮಗುವಿನ ಹೆಸರು, ಹೊತ್ತು, ಎಷ್ಟು ನಿಮಿಷ ಎಲ್ಲ ಬರೆದಿಡುತ್ತೇವೆ. ಬೇಕಾದಾಗ ಬಂದು ನೋಡಿ.

ಈ ಹವ್ಯಾಸ ಪುಸ್ತಕದಿಂದ ಬರುವುದಿಲ್ಲ. ನಾನು ಎಷ್ಟೋ ಶಾಲೆಗಳಲ್ಲಿ ಓಮನ ನಿಯಮ, ಅಲೆಯ ಉದ್ದ ಅಂತೆಲ್ಲ ಬೋರ್ಡಿನ ಮೇಲೆ ಬರೆದಿದ್ದೇನೆ. ಮಕ್ಕಳು ಆಕಳಿಸುತ್ತಾರೆ. ಸ್ಪೀಕರಿನಲ್ಲಿ ಗೊರಗೊರ ಸದ್ದಿನ ನಡುವೆ ಯಾರೋ "ಸಾಗರ, ಸಾಗರ, ಕೇಳಿಸ್ತಿದೆಯಾ" ಅಂದ ಕೂಡಲೇ ಅದೇ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ. ತನ್ನ ದನಿ ಹುಬ್ಬಳ್ಳಿಗೆ ತಲುಪಿ, ಅಲ್ಲಿಂದ ತನ್ನ ಹೆಸರು ವಾಪಸ್ ಬಂದರೆ ಆ ಮಗು ಓಮನ ನಿಯಮವನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಈಗಿನ ಕ್ರಮ ಇದಕ್ಕೆ ಉಲ್ಟಾ. ಮೊದಲು ಓದು, ಪಾಸಾಗು, ಅರ್ಜಿ ಹಾಕು, ಪರಿಶೀಲನೆ ಆಗಲಿ, ಕಾಯು, ಆಮೇಲೆ ಮಾತಾಡು.

ಕಾಯುವ ಬಗ್ಗೆ ಒಂದೇ ಮಾತು. ನನ್ನ ಸೋದರಳಿಯ ಅಮೆರಿಕದಲ್ಲಿದ್ದಾನೆ. ಅಲ್ಲಿ ಪರೀಕ್ಷೆ ನಡೆಸುವವರು ಹ್ಯಾಮ್ ಸ್ವಯಂಸೇವಕರೇ. ಮೊದಲ ದರ್ಜೆಗೆ 35 ಪ್ರಶ್ನೆ, 26 ಸರಿಯಾದರೆ ಪಾಸು. ಪ್ರಶ್ನೆಗಳ ಪೂರ್ತಿ ಭಂಡಾರವೇ ಮೊದಲೇ ಎಲ್ಲರಿಗೂ ಸಿಗುತ್ತದೆ. ಶನಿವಾರ ಲೈಬ್ರರಿಯೊಂದರಲ್ಲಿ ಬರೆದ, ಮುಂದಿನ ವಾರ ಕಾಲ್ ಸೈನ್ ಬಂತು. ನಮ್ಮಲ್ಲಿ ಭದ್ರತೆಗೆ ಪರಿಶೀಲನೆ ಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ, ನಮ್ಮ ಗಡಿಗಳ ಕಥೆ ಬೇರೆ. ಆದರೆ ಅದಕ್ಕೆ ಇಷ್ಟು ದಿನ ಅಂತ ನಿಯಮದಲ್ಲೇ ಬರೆಯಿರಿ. ಇಷ್ಟು ದಿನದಲ್ಲಿ ಆಕ್ಷೇಪ ಬರದಿದ್ದರೆ ಲೈಸೆನ್ಸ್ ತಾನಾಗಿ ಬರಲಿ.

ಭದ್ರತೆ ಅಂದಾಗ ಇನ್ನೊಂದು ನೆನಪಾಯಿತು. ಆನ್‌ಲೈನ್ ಅಂಗಡಿಗಳಲ್ಲಿ ವಾಕಿ-ಟಾಕಿಗಳು ಲೈಸೆನ್ಸ್ ಕೇಳದೆ ಮಾರಾಟವಾಗುತ್ತಿದ್ದವು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸು ಕೊಟ್ಟು, ಮಾರ್ಗಸೂಚಿಯನ್ನೂ ತಂದಿತು. ತಡವಾದರೂ ಒಳ್ಳೆಯದಾಯಿತು. ಮದುವೆ ಮಂಟಪದಲ್ಲಿ ಊಟದ ಪಂಕ್ತಿ ಎಷ್ಟಾಯಿತು ಅಂತ ಕೇಳೋಕೆ ನಮ್ಮ 144 ಮೆಗಾಹರ್ಟ್ಸ್ ಬಳಸುವವರನ್ನು ನಾನೇ ಕೇಳಿದ್ದೇನೆ! ಪಾಯಸ ಖಾಲಿಯಾದ ಸುದ್ದಿ ಮೂರು ಊರಿಗೆ ಗೊತ್ತಾಯಿತು. ಅವರಿಗೆ ಇದು ತಪ್ಪು ಅಂತಲೇ ಗೊತ್ತಿರಲಿಲ್ಲ. ಕದ್ದು ಮಾತಾಡಬೇಕು ಅನ್ನುವವನು ನಿಮ್ಮ ಪರೀಕ್ಷೆಗೆ ಹೆಸರು ವಿಳಾಸ ಕೊಟ್ಟು ಕೂರುವುದಿಲ್ಲ. ನಾವು ಶುರು ಮಾಡುವಾಗ, ಮುಗಿಸುವಾಗ ಕಾಲ್ ಸೈನ್ ಹೇಳುವವರು. ಗುಟ್ಟಿನ ಸಂಕೇತ ಬಳಸುವಂತಿಲ್ಲ. ದುಡ್ಡಿನ ವ್ಯವಹಾರ ಮಾತಾಡುವಂತಿಲ್ಲ. ನಮ್ಮ ಬ್ಯಾಂಡುಗಳಲ್ಲಿ ಅಪರಿಚಿತ ದನಿ ಬಂದರೆ ಮೊದಲು ಕಿವಿಗೆ ಬೀಳುವುದೂ ನಮಗೇ. ಆದ್ದರಿಂದ ಮಾರಾಟಕ್ಕೆ ಹಾಕುವ ಬಿಗಿ, ಮನೆಯಲ್ಲೇ ರೇಡಿಯೊ ಕಟ್ಟುವವರ ಕುತ್ತಿಗೆಗೆ ಬರದ ಹಾಗೆ ನೋಡಿಕೊಳ್ಳಿ. ಮೇಷ್ಟ್ರು ಹಳೇ ಟಿವಿ ಬಿಚ್ಚಿ ಮಾಡಿದ ರೇಡಿಯೊಗೆ ಕಂಪನಿಯ ಮಾಡೆಲ್ ನಂಬರ್ ಎಲ್ಲಿಂದ ತರುವುದು?

ಅಪಾರ್ಟ್‌ಮೆಂಟ್‌ಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ನಾನು ಬೆಂಗಳೂರಿನಲ್ಲಿದ್ದ ಎರಡು ವರ್ಷ, ಕಟ್ಟಡದ ಸಂಘದವರು ತಾರಸಿಯಲ್ಲಿದ್ದ ತಂತಿಯನ್ನು ಎರಡು ಸಲ ಬಿಚ್ಚಿಸಿದರು. ಅದೇ ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿ ಇದಕ್ಕಿಂತ ದಪ್ಪ ಇತ್ತು. ಲೈಸೆನ್ಸ್ ಪತ್ರ ತೋರಿಸಿದೆ. ಅದರಲ್ಲಿ ಆಂಟೆನಾ ಕಟ್ಟಬಹುದು ಅಂತ ಎಲ್ಲಿದೆ ಅಂದರು. ಇರಲಿಲ್ಲ. ಅಪಾಯವಿಲ್ಲದ ಸಣ್ಣ ಆಂಟೆನಾಕ್ಕೆ ಅಡ್ಡಿ ಮಾಡಬಾರದು ಅಂತ ಒಂದು ಸಾಲು ಹಾಕಿ, ಸಾಕು.

ವಿಕೋಪದ ಹೊತ್ತಿಗೆ ನಮ್ಮ ನೆನಪಾಗುತ್ತದೆ, ಅದು ನಿಜ. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಹ್ಯಾಮ್ ಭಾರತಿ ಪ್ರಸಾದ್ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಹೋಗಿದ್ದು ದ್ವೀಪದಿಂದ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡೋಕೆ, ಹವ್ಯಾಸಕ್ಕೆ. ಅದೇ ರೇಡಿಯೊ ಆವತ್ತು ಸುದ್ದಿ ಹೊರಗೆ ತಂದಿತು. 2024ರ ಜುಲೈ ಕೊನೆಗೆ ನಮ್ಮ ಕೊಡಗು-ಮೈಸೂರಿಗೆ ಅಂಟಿಕೊಂಡಿರುವ ವಯನಾಡಿನಲ್ಲಿ ಗುಡ್ಡ ಕುಸಿದಾಗಲೂ ಕಲ್ಪೆಟ್ಟಾದ ಕಲೆಕ್ಟರ್ ಕಚೇರಿಯಲ್ಲಿ ಹ್ಯಾಮ್‌ಗಳು ಸ್ಟೇಷನ್ ಹಾಕಿಕೊಂಡು ಕೂತರು. ಅವರು ಆ ದಿನ ಆಕಾಶದಿಂದ ಇಳಿದವರಲ್ಲ. ವರ್ಷಗಟ್ಟಲೆ "ನಿಮ್ಮಲ್ಲಿ ಹವಾ ಹೇಗಿದೆ, ಸಿಗ್ನಲ್ ಎಷ್ಟಿದೆ" ಅಂತ ಸುಮ್ನೆ ಮಾತಾಡಿದವರು. ಆ ಸುಮ್ನೆ ಮಾತೇ ತಾಲೀಮು.

ಇನ್ನೊಂದೇ ಉಳಿದಿದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಪರೀಕ್ಷೆ ಕನ್ನಡದಲ್ಲಿ ಬೇಕು.

ರೆಸಿಸ್ಟರ್, ಕೆಪಾಸಿಟರ್ ಅನ್ನುವುದನ್ನು ಅನುವಾದ ಮಾಡಿ ಅಂತ ಕೇಳುತ್ತಿಲ್ಲ. ದಯವಿಟ್ಟು ಮಾಡಲೇಬೇಡಿ. ಸಾಗರದ ರಿಪೇರಿ ಅಂಗಡಿಯ ಹುಡುಗನಿಗೆ ಆ ಪದಗಳು ನಿಮ್ಮಷ್ಟೇ ಗೊತ್ತು. ಅವನಿಗೆ ತೊಡಕಾಗುವುದು ಪ್ರಶ್ನೆಯ ವಾಕ್ಯ. ಬೆಸುಗೆ ಹಾಕುವುದರಲ್ಲಿ ಎತ್ತಿದ ಕೈ, ಮೀಟರ್ ಹಿಡಿದು ಐದು ನಿಮಿಷಕ್ಕೆ ಕೆಟ್ಟ ಭಾಗ ತೋರಿಸುತ್ತಾನೆ. ಇಂಗ್ಲಿಷಿನಲ್ಲಿ "ಈ ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ" ಅಂತ ಸುತ್ತಿ ಬಳಸಿ ಕೇಳಿದರೆ ಬೆವರುತ್ತಾನೆ. ಗಾಳಿಯಲ್ಲಿ ನಾವು ಕನ್ನಡದಲ್ಲೇ ಮಾತಾಡುತ್ತೇವೆ. ಕಾಲ್ ಸೈನ್ ಮಾತ್ರ ಇಂಗ್ಲಿಷಿನಲ್ಲಿ, ಮಿಕ್ಕಿದ್ದೆಲ್ಲ ಅಡಿಕೆ ರೇಟು ಬಿಟ್ಟು ಪ್ರಪಂಚದ ಸುದ್ದಿ. ಅದರ ಪರೀಕ್ಷೆಗೆ ಮಾತ್ರ ಇನ್ನೊಂದು ಭಾಷೆ ಯಾಕೆ? ಬ್ಯಾಂಕಿನ ಪರೀಕ್ಷೆಗಳನ್ನೇ ಕನ್ನಡದಲ್ಲಿ ಬರೆಯುವ ದಾರಿ ಮಾಡಿರುವಾಗ ಇದು ಆಗದ ಕೆಲಸವೇನಲ್ಲ. ಅನುವಾದಕ್ಕೆ ಜನ ಬೇಕಾದರೆ ಹೇಳಿ. ಮೇಷ್ಟ್ರೂ ನಾನೂ ಸಂಬಳವಿಲ್ಲದೆ ಮಾಡಿಕೊಡುತ್ತೇವೆ, ಕಾಫಿ ನಮ್ಮದೇ.

ಪರೀಕ್ಷೆಗೆ ಕೂರೋಕೆ ಕನಿಷ್ಠ ವಯಸ್ಸು 12. ಪಕ್ಕದ ಮನೆಯ ಹುಡುಗನಿಗೆ ಬರುವ ಏಪ್ರಿಲ್‌ಗೆ 12 ತುಂಬುತ್ತದೆ. ದಿನಾ ಸಂಜೆ ಬಂದು, ಮೈಕ್ ಮುಟ್ಟದೆ, ಕೇಳಿಸಿದ ಕಾಲ್ ಸೈನ್‌ಗಳನ್ನು ಹಳೇ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳುತ್ತಾನೆ. ಮೊನ್ನೆಗೆ 212 ಆಯಿತು. ಕನ್ನಡ ಮೀಡಿಯಂ. ಏಪ್ರಿಲ್ ಕಳೆದ ಮೇಲೆ ಇಬ್ಬರೂ ರಾತ್ರಿ ಬಸ್ಸಿಗೆ ಹೊರಡುತ್ತೇವೆ.

73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ),
ಶರಾವತಿ ಹಿನ್ನೀರಿನ ಕಡೆಯ ಒಬ್ಬ ಹ್ಯಾಮ್